ನೆನೆಸದ ಬಟ್ಟೆ

ಕತ್ತರಿಯ ಬಾಯಿ ಬಟ್ಟೆಯ ಅಂಚಿಗೆ ತಾಗಿತ್ತು. ಇನ್ನೂ ಕಚ್ಚಿರಲಿಲ್ಲ.

“ಯಾಕೇ ಹಂಗೆ ಕಣ್ಣು ಬಿಟ್ಕೊಂಡು ನಿಂತಿದೀಯ? ಸ್ವಲ್ಪ ಜರುಗು, ಬೆಳಕಿಗೆ ಅಡ್ಡ ಬರ್ತಿದೀಯ,” ಎಂದಳು ಅಮ್ಮ.

ಪಿನ್ನಿ ಜರುಗಿದಳು. ಮೇಜಿನ ಮೇಲೆ ಹೊಗೆ ಬಣ್ಣದ ದಪ್ಪ ಹತ್ತಿ ಬಟ್ಟೆ ಹರಡಿತ್ತು. ಅದರ ಮೇಲೆ ಅಮ್ಮ ಚಾಕ್‌ಪೀಸಿನಲ್ಲಿ ಎಳೆದ ಬಿಳಿ ಗೆರೆಗಳು. ಇಲ್ಲಿ ಬೆನ್ನು, ಇಲ್ಲಿ ಎದೆ, ಮೂಲೆಯಲ್ಲಿ ಎರಡು ಅರ್ಧ ತೋಳು, ಎರಡು ಜೇಬು.

ಅಮ್ಮ ಬಟ್ಟೆಯ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿ ನೋಡಿದಳು. “ಇನ್ನೂ ಗಂಜಿ ಬಿಗಿ ಇದೆಯಲ್ಲ. ನಿನ್ನೆ ಪೂರ್ತಿ ನೆನೆಸಿದ್ಯಾ?”

“ಹೂಂ.”

“ಎಷ್ಟು ಹೊತ್ತು?”

“ಎರಡು ಗಂಟೆ. ಒಣಗಿದ ಮೇಲೆ ಇಸ್ತ್ರಿ ಮಾಡ್ದೆ. ಅದಕ್ಕೇ ಬಿಗಿ.”

ಅಮ್ಮನ ಮುಖ ಅರಳಿತು. “ನಾನು ಹೇಳದೇನೇ ಇಸ್ತ್ರಿ ಮಾಡಿದ್ಯಾ! ಅತ್ತೆ, ಕೇಳಿಸ್ತಾ? ನಿಮ್ಮ ಮೊಮ್ಮಗಳು ದೊಡ್ಡೋಳಾದಳು.”

ಕಿಟಕಿಯ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದ ಅಜ್ಜಿ ಹಲ್ಲಿನಿಂದ ದಾರ ಕಡಿದಳು. “ಆಗ್ಲಿ ಆಗ್ಲಿ. ನಾಳೆಯಿಂದ ತನ್ನ ಹಾಸಿಗೆ ತಾನೇ ಮಡಚಲಿ.”

ಕತ್ತರಿ ಕರ್ರ್ ಎಂದಿತು. ಮೊದಲು ಬೆನ್ನು, ಆಮೇಲೆ ಎದೆ. ಪಿನ್ನಿ ನೆಲದ ಮೇಲೆ ಬಿದ್ದ ಗುಂಡುಪಿನ್ನುಗಳನ್ನು ಹೆಕ್ಕತೊಡಗಿದಳು. ಪುಟ್ಟವಳಿದ್ದಾಗಿನಿಂದಲೂ ಅದು ಅವಳ ಕೆಲಸ. ಆ ಹೆಸರು ಬಂದದ್ದೂ ಹಾಗೇ. ಆದರೆ ಇವತ್ತು ಬೆರಳಿಗೆ ಒಂದು ಪಿನ್ನೂ ಸರಿಯಾಗಿ ಸಿಗಲಿಲ್ಲ. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ ಎಂದು ಟೈಲರ್ ಮನೆಯ ಹುಡುಗಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆ ಬಟ್ಟೆ ನೀರನ್ನೇ ಕಂಡಿರಲಿಲ್ಲ.

ಆ ಮನೆಯಲ್ಲಿ ಹೊಸ ಹತ್ತಿ ಬಟ್ಟೆ ಮೊದಲು ಬಕೆಟ್ಟಿಗೆ ಇಳಿಯಬೇಕು, ಆಮೇಲೆಯೇ ಮೇಜಿಗೆ ಏರಬೇಕು. ಎರಡು ಗಂಟೆ ನೆನೆಸಿ, ಹಿಂಡದೆ ಎತ್ತಿ, ನೆರಳಲ್ಲಿ ಒಣಗಿಸಬೇಕು. “ಕುಗ್ಗೋದಿದ್ರೆ ಬಕೆಟ್ನಲ್ಲೇ ಕುಗ್ಗಲಿ, ಗಿರಾಕಿ ಮೈಮೇಲೆ ಬೇಡ,” ಎನ್ನುತ್ತಿದ್ದಳು ಅಮ್ಮ. ಈ ವರ್ಷದಿಂದ ಆ ಕೆಲಸ ಪಿನ್ನಿಯದು.

ಮಂಗಳವಾರ ಅವಳು ಸ್ಕೂಲಿನಿಂದ ಬಂದು ಬಕೆಟ್ಟಿಗೆ ನೀರನ್ನೂ ಹಿಡಿದಿದ್ದಳು. ಅಷ್ಟರಲ್ಲಿ ಎದುರು ಮನೆಯ ಗೆಳತಿ ಬಾಬ್‌ಕಟ್ ಹಗ್ಗ ತಿರುಗಿಸುತ್ತಾ ಬಂದು, “ಲೇ ಪಿನ್ನಿ, ನಾನು ನಿಲ್ಲಿಸದೇ ಎಂಬತ್ತು ಹಾರಿದೆ. ನಿಂಗಾಗುತ್ತಾ?” ಎಂದಳು. ಪಿನ್ನಿ ನೂರಾ ನಾಲ್ಕು ಹಾರಿದಳು. ಗೆದ್ದು ಮನೆಗೆ ಬಂದಾಗ ಆರೂವರೆ. ಬಟ್ಟೆ ಕವರಿನಲ್ಲೇ ಇತ್ತು. ಆಗ ನೆನೆಸಿದರೆ ಬೆಳಿಗ್ಗೆಯ ಹೊತ್ತಿಗೆ ಒಣಗುತ್ತಿರಲಿಲ್ಲ. ಅಮ್ಮ ಇನ್ನೂ ಪೇಟೆಯಿಂದ ಬಂದಿರಲಿಲ್ಲ. ಅಜ್ಜಿ ಅಡುಗೆಮನೆಯಲ್ಲಿದ್ದಳು. ಪಿನ್ನಿ ಬಟ್ಟೆಗೆ ನಾಲ್ಕು ಹನಿ ನೀರು ಚಿಮುಕಿಸಿ, ಇಸ್ತ್ರಿ ತಿಕ್ಕಿ, ಅಚ್ಚುಕಟ್ಟಾಗಿ ಮಡಚಿಟ್ಟಳು.

ಆಗ ಅದು ಅಂಥ ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಶರ್ಟು ಬ್ರೇಕ್ ಮಾಮನದು. ಅವನು ಪಿನ್ನಿಯ ಸ್ಕೂಲ್ ಬಸ್ಸಿನ ಡ್ರೈವರ್. ಹತ್ತು ವರ್ಷ ಅದೇ ಬಸ್ಸಿನಲ್ಲಿ ಕ್ಲೀನರ್ ಆಗಿ, ಬಾಗಿಲ ಬಳಿ ನಿಂತು “ರೈಟ್ ರೈಟ್” ಎಂದು ತಗಡು ಬಡಿಯುತ್ತಿದ್ದ. ಹೋದ ತಿಂಗಳು ಸ್ಟೀರಿಂಗ್ ಅವನ ಕೈಗೆ ಬಂತು. ಮೊದಲ ದಿನ ಅವನು ಹಾಕಿದ ಬ್ರೇಕಿಗೆ ನಲವತ್ತು ಮಕ್ಕಳ ಮೂಗು ಮುಂದಿನ ಸೀಟಿಗೆ ಬಡಿದಿತ್ತು. ಅಂದಿನಿಂದ ಅವನು ಬ್ರೇಕ್ ಮಾಮ. ಯೂನಿಫಾರ್ಮಿಗೆಂದು ಬಸ್ಸಿನ ಆಫೀಸಿನವರು ಬಟ್ಟೆ ಕೊಟ್ಟಿದ್ದರು. ಒಂದೇ ಒಂದು ಶರ್ಟಿಗಾಗುವಷ್ಟು.

ಗುರುವಾರ ಸಂಜೆ ಅವನು ಬಂದು ಶರ್ಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಕುತ್ತಿಗೆಯ ಗುಂಡಿ ಹಾಕಿ ಗಲ್ಲ ಎತ್ತಿದ.

“ಅಕ್ಕಾ, ಇದು ಹೊಲಿದಂಗಿಲ್ಲ. ಮೈಮೇಲೇ ಬೆಳೆದಂಗಿದೆ!”

“ಸಾಕು ಸಾಕು, ದೃಷ್ಟಿ ಆದೀತು,” ಎಂದು ಅಮ್ಮ ನಕ್ಕಳು.

“ಬುಧವಾರ ಸೂಪರ್‌ವೈಸರ್ ಚೆಕಿಂಗ್ ಇದೆ ಅಕ್ಕ. ಕುತ್ತಿಗೆ ಗುಂಡಿ ತನಕ ಹಾಕಿರ್ಬೇಕಂತೆ. ಯೂನಿಫಾರ್ಮ್ ಸರಿ ಇಲ್ಲದಿದ್ರೆ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ, ಮತ್ತೆ ಬಾಗಿಲಲ್ಲಿ ನಿಂತು ರೈಟ್ ರೈಟ್.” ಅವನು ಎದೆ ತಟ್ಟಿಕೊಂಡ. “ಈಗ ನಂಗೇನು ಭಯ?”

ಬಾಗಿಲ ಮರೆಯಲ್ಲಿ ನಿಂತಿದ್ದ ಪಿನ್ನಿ ಬೆರಳು ಮಡಚಿದಳು. ಶುಕ್ರ, ಶನಿ, ಭಾನು, ಸೋಮ, ಮಂಗಳ. ಐದು ದಿನ ಅವನು ಆ ಶರ್ಟನ್ನು ಒಗೆಯದಿದ್ದರೆ ಸಾಕು.

ಶುಕ್ರವಾರ ಬಸ್ ಹತ್ತುವಾಗಲೇ ಕೇಳಿದಳು. “ಮಾಮ, ಶರ್ಟ್ ಒಗೆದ್ರಾ?”

“ನಿನ್ನೆ ಕೊಟ್ಟಿದ್ದು, ಇವತ್ತು ಒಗೀತಾರಾ? ಹತ್ತು ಹತ್ತು.”

ಅವತ್ತು ಕ್ಲಾಸಿನಲ್ಲಿ ಟೀಚರ್ ಬೋರ್ಡಿನ ಮೇಲೆ ಒಂದೇ ಒಂದು ಪದ ಬರೆದರು. ಬಟ್ಟೆ.

“ಸೋಮವಾರಕ್ಕೆ ಹತ್ತು ವಾಕ್ಯ. ಪ್ರತಿ ವಾಕ್ಯದಲ್ಲೂ ಈ ಪದ ಇರ್ಬೇಕು, ಆದ್ರೆ ಪ್ರತಿ ಸಲ ಬೇರೆ ಬಟ್ಟೆ ಆಗಿರ್ಬೇಕು. ಮನೆಯವರನ್ನ ಕೇಳಿ, ಅವರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತೆ. ತುಂಬಾ ಹಳೇ ಕಾಲದಲ್ಲಿ ದಾರಿಗೂ ಬಟ್ಟೆ ಅಂತಿದ್ರು, ಗೊತ್ತಾ?”

“ಹಂಗಾದ್ರೆ ನಮ್ಮ ಬಸ್ಸು ದಿನಾ ಬಟ್ಟೆ ಮೇಲೆ ಹೋಗುತ್ತಾ ಮಿಸ್?” ಎಂದಳು ಬಾಬ್‌ಕಟ್. ಎಲ್ಲರೂ ನಕ್ಕರು. ಪಿನ್ನಿಯ ಬಾಯಿಯೂ ನಕ್ಕಿತು.

ಶನಿವಾರ ಬೆಳಿಗ್ಗೆ ಬ್ರೇಕ್ ಮಾಮನ ಎಡ ಜೇಬಿನ ಕೆಳಗೆ ಕಪ್ಪಗೆ ಗ್ರೀಸ್ ಕಲೆ ಇತ್ತು.

ಪಿನ್ನಿ ಕರ್ಚೀಫು ತೆಗೆದಳು. “ಮಾಮ, ನಾನು ಒರೆಸಿಕೊಡ್ತೀನಿ.”

“ಅಯ್ಯೋ, ಕರ್ಚೀಫಿಗೆ ಹೋಗೋ ಕಲೆ ಅಲ್ಲ ಇದು. ನಾಳೆ ಭಾನುವಾರ, ತಿಕ್ಕಿ ತಿಕ್ಕಿ ಒಗೀತೀನಿ.”

“ಒಗೀಬೇಡಿ!”

ಅವನು ಹಿಂದಿರುಗಿ ನೋಡಿದ.

“ಅಂದ್ರೆ... ಹೊಸದಲ್ವಾ. ಹೊಳಪು ಹೋಗುತ್ತೆ.”

“ಕಲೆ ಇಟ್ಕೊಂಡು ಚೆಕಿಂಗಿಗೆ ನಿಂತ್ಕೊಳ್ಲಾ? ಏನಮ್ಮ ನೀನು, ಟೈಲರ್ ಮಗಳಾಗಿ!” ಎಂದು ಅವನು ಗೇರು ಹಾಕಿದ.

ಭಾನುವಾರ ಮಧ್ಯಾಹ್ನ ಪಿನ್ನಿ ಪುಸ್ತಕ ಹಿಡಿದು ಅಜ್ಜಿಯ ಪಕ್ಕ ಕೂತಳು. ಏಳು ವಾಕ್ಯ ಆಗಿತ್ತು. ತೊಡುವ ಬಟ್ಟೆ, ಕತ್ತರಿಸದ ಬಟ್ಟೆ, ನೆಲ ಒರೆಸುವ ಬಟ್ಟೆ, ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ, ಸೋಸುವ ಬಟ್ಟೆ, ಗಾಯಕ್ಕೆ ಕಟ್ಟುವ ಬಟ್ಟೆ, ಟೀಚರ್ ಹೇಳಿದ ದಾರಿಯ ಬಟ್ಟೆ.

“ಇನ್ನು ಮೂರು ಹೇಳಜ್ಜಿ.”

“ನಮ್ಮ ಗಿರಾಕಿಗಳು ದಪ್ಪ ಆದ್ಮೇಲೆ ಬಂದು ಕೇಳ್ತಾರಲ್ಲ, ಒಳಗೆ ಬಟ್ಟೆ ಇದೆಯಾ ಅಂತ. ಅದನ್ನ ಬರಿ.”

“ಅದು ಹೊಲಿಗೆ ಒಳಗೆ ಬಿಡ್ತಾರಲ್ಲ, ಅದಾ?”

“ಅದೇ. ನಿಮ್ಮಮ್ಮ ಎರಡು ಬೆರಳು ಬಿಡ್ತಾಳೆ. ಬೇರೆಯವರು ಅರ್ಧ ಬೆರಳೂ ಬಿಡಲ್ಲ. ಇನ್ನೇನು... ಹೊಟ್ಟೆ ಮೇಲೆ ತಣ್ಣೀರು ಬಟ್ಟೆ.”

“ಯಾಕೆ, ಹೊಟ್ಟೆಗೆ ಜ್ವರ ಬಂದಿರುತ್ತಾ?”

ಅಜ್ಜಿ ಕಿಸಕ್ಕೆಂದಳು. “ಊಟಕ್ಕಿಲ್ಲದೆ ಮಲಗೋದಕ್ಕೆ ಹಂಗಂತಾರೆ ಕಣೇ. ಗಿರಾಕಿ ಬರದೇ ಹೋದ್ರೆ ನಮಗೂ ಅದೇ ಗತಿ. ಆಮೇಲೆ ಬರಿ, ತಲೆ ಮೇಲೆ ಬಟ್ಟೆ ಹಾಕ್ಕೊಂಡು ಓಡಾಡೋದು.”

“ಬಿಸಿಲಿಗಾ?”

“ಮಾನ ಹೋದ್ರೆ. ಯಾರಿಗೂ ಮುಖ ತೋರಿಸೋಕೆ ಆಗದಿದ್ರೆ.”

ಪಿನ್ನಿ ಬರೆಯಲಿಲ್ಲ. ಎರಡು ಬೀದಿ ಆಚೆ ಈಗ ಬ್ರೇಕ್ ಮಾಮ ಶರ್ಟನ್ನು ಬಕೆಟ್ಟಿಗೆ ಅದ್ದುತ್ತಿರಬಹುದು.

“ಯಾಕೇ ಪೆನ್ನು ನಿಂತೋಯ್ತು? ಇಂಕ್ ಖಾಲೀನಾ?”

“ಇಲ್ಲ.”

“ಮತ್ತೆ ಬರಿ.”

ಬರೆದಳು. ಅಕ್ಷರ ಸೊಟ್ಟಗೆ ಬಂತು.

ಸೋಮವಾರ ಬಸ್ಸು ಬಂದಾಗ ಬ್ರೇಕ್ ಮಾಮ ಸೆಕೆಯಲ್ಲೂ ಸ್ವೆಟರ್ ಹಾಕಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು. ನಾಲ್ಕು ಸ್ಟಾಪ್ ತಡೆದುಕೊಂಡ. ಐದನೆಯದರಲ್ಲಿ ಸ್ವೆಟರ್ ಕಿತ್ತು ಸೀಟಿನ ಹಿಂದೆ ಎಸೆದ.

ಶರ್ಟಿನ ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಟ್ಟಿತ್ತು. ಒಳಗಿನ ಬಿಳಿ ಬನಿಯನ್ ಕಾಣುತ್ತಿತ್ತು. ಸ್ಟೀರಿಂಗ್ ತಿರುಗಿಸಿದಾಗ ಕಂಕುಳು ಬಿಗಿದು, ಶರ್ಟಿನ ಕೆಳತುದಿ ಪ್ಯಾಂಟಿನಿಂದ ಎದ್ದು ಬಂತು. ಕುತ್ತಿಗೆಯ ಗುಂಡಿಗೂ ಅದರ ಕಾಜಕ್ಕೂ ಹೆಬ್ಬೆರಳಿನಷ್ಟು ದೂರ.

“ಮಾಮ, ಕಿಟಕಿ ಓಪನ್ ಇದೆ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಒಂದಲ್ಲ, ನಾಲ್ಕು ಕಿಟಕಿ!”

“ಮಾಮ, ತಮ್ಮನ ಶರ್ಟಾ?”

ಅವನೂ ನಕ್ಕ. “ಗಾಳಿ ಬೇಕಲ್ಲಪ್ಪ, ಅದಕ್ಕೇ ಕಿಟಕಿ ಇಡ್ಸಿದೀನಿ.” ಆದರೆ ಮುಂದಿನ ಸಿಗ್ನಲ್ಲಿನಲ್ಲಿ ಅವನು ಮತ್ತೆ ಸ್ವೆಟರ್ ಹಾಕಿಕೊಂಡದ್ದನ್ನು ಪಿನ್ನಿ ನೋಡಿದಳು.

ಸ್ಕೂಲಿನ ಗೇಟಿನಲ್ಲಿ ಎಲ್ಲರೂ ಇಳಿದರು. ಅವಳು ಇಳಿಯಲಿಲ್ಲ.

“ಏನಮ್ಮ?”

“ಮಾಮ, ಶರ್ಟು...”

“ನೋಡಿದ್ಯಲ್ಲ.” ಅವನು ತಲೆ ಕೆರೆದುಕೊಂಡ. “ನಂದೇ ತಪ್ಪು. ಕಲೆ ಹೋಗ್ಲಿ ಅಂತ ಬಿಸಿನೀರಿಗೆ ಹಾಕ್ದೆ. ಬೆಚ್ಚಗಿತ್ತು ಅಷ್ಟೇ ಅಂತ ನಂಗನ್ಸುತ್ತೆ, ನನ್ನ ಹೆಂಡ್ತಿ ಕುದೀತಿತ್ತು ಅಂತಾಳೆ. ಇರ್ಬೇಕು. ಇಲ್ಲಾಂದ್ರೆ ನಿಮ್ಮಮ್ಮ ಹೊಲಿದ ಬಟ್ಟೆ ಹಿಂಗಾಗುತ್ತಾ?”

ಪಿನ್ನಿ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಒಂದು ಸಹಾಯ ಮಾಡು ಪುಟ್ಟ. ನಿಮ್ಮಮ್ಮಂಗೆ ಹೇಳ್ಬೇಡ. ಅಷ್ಟು ಚೆಂದ ಹೊಲಿದುಕೊಟ್ಟಿದ್ದು. ನಾನು ಹಾಳು ಮಾಡ್ದೆ ಅಂತ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ.”

“ಹೂಂ,” ಎಂದಳು ಪಿನ್ನಿ.

ಕೆಳಗಿಳಿದ ಮೇಲೆ ಅವಳಿಗೆ ಹೊಳೆಯಿತು. ಈಗ ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮನಿಗೆ ಯಾರೂ ಹೇಳುವುದಿಲ್ಲ. ಹೇಳಿದರೂ ಬಿಸಿನೀರಿನ ತಪ್ಪು. ಐದು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಈಗ ಇಳಿಯಬೇಕಿತ್ತು. ಇಳಿಯಲಿಲ್ಲ.

ಟೀಚರ್ ಅವಳ ಹತ್ತು ವಾಕ್ಯಗಳನ್ನು ಓದಿ, “ವೆರಿ ಗುಡ್! ಎಲ್ಲರಿಗಿಂತ ಚೆನ್ನಾಗಿದೆ,” ಎಂದು ಕೆಂಪು ಇಂಕಿನಲ್ಲಿ ಬರೆದುಕೊಟ್ಟರು. ಬಾಬ್‌ಕಟ್ ಅಸೂಯೆಯಿಂದ ಮೂತಿ ತಿರುವಿದಳು. ಪಿನ್ನಿ ಪುಸ್ತಕ ಮುಚ್ಚಿ ಬ್ಯಾಗಿಗೆ ತುರುಕಿದಳು.

ಸಂಜೆ ಅಮ್ಮ ಮೆಷಿನ್ ತುಳಿಯುತ್ತಿದ್ದಳು. ಪೆಡಲಿನ ಶಬ್ದ ನಿಂತರೆ ಹೇಳೋಣ ಎಂದುಕೊಂಡಳು ಪಿನ್ನಿ. ನಿಂತಿತು. ಹೇಳಲಿಲ್ಲ. ಅಮ್ಮ ದಾರದ ಬಾಬಿನ್ ಬದಲಿಸಿ ಮತ್ತೆ ಶುರು ಮಾಡಿದಳು. ಇನ್ನೊಂದು ಸಲ ನಿಂತಾಗ ಹೇಳುತ್ತೇನೆ ಎಂದುಕೊಂಡಳು. ಆದರೆ ಮೆಷಿನ್ ಓಡುತ್ತಿರುವಾಗಲೇ ಬಾಯಿಂದ ಬಂದುಬಿಟ್ಟಿತು.

“ನಾನು ನೆನೆಸಿರಲಿಲ್ಲ.”

“ಏನು?”

“ಮಾಮನ ಬಟ್ಟೆ. ನೆನೆಸಿರಲಿಲ್ಲ. ನೀರು ಚಿಮುಕಿಸಿ ಇಸ್ತ್ರಿ ಮಾಡಿಟ್ಟೆ. ನಿನ್ನೆ ಮಾಮ ಒಗೆದ್ರು, ಈಗ ಗುಂಡೀನೇ ಹಾಕೋಕಾಗ್ತಿಲ್ಲ. ಅವರು ಬಿಸಿನೀರಿಂದ ಆಯ್ತು ಅಂದ್ಕೊಂಡಿದಾರೆ. ನಿಂಗೆ ಹೇಳ್ಬೇಡ ಅಂದ್ರು.”

ಪೆಡಲ್ ನಿಂತಿತು. ಅಜ್ಜಿಯ ಸೂಜಿಯೂ ನಿಂತಿತು.

ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಅಳಬಹುದಿತ್ತು.

“ಎರಡು ಗಂಟೆ ಅಂದೆ,” ಎಂದಳು ಅಮ್ಮ.

“ಹೂಂ.”

“ನಾನು ನಿನ್ನ ಹೊಗಳಿದೆ.”

ಪಿನ್ನಿ ತಲೆ ತಗ್ಗಿಸಿದಳು.

ಅಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದಳು. “ಚಪ್ಪಲಿ ಹಾಕ್ಕೊ. ನಂಗೆ ಹೇಳಿದ್ದನ್ನ ಅಲ್ಲೂ ಬಂದು ಹೇಳು.”

ಬ್ರೇಕ್ ಮಾಮನ ಮನೆಯ ಮುಂದೆ ಶರ್ಟು ಹಗ್ಗದ ಮೇಲೆ ನೇತಾಡುತ್ತಿತ್ತು. ಜಗ್ಗಿದರೆ ಉದ್ದವಾದೀತೆಂದು ಅದರ ತುದಿಗೆ ಯಾರೋ ಎರಡು ಬೀಗ ಕಟ್ಟಿ ಬಿಟ್ಟಿದ್ದರು. ಅಮ್ಮನನ್ನು ಕಂಡ ಕೂಡಲೇ ಮಾಮ ಅದಕ್ಕೆ ಅಡ್ಡ ನಿಂತ.

“ಅಕ್ಕ, ಅದೂ...”

“ಇವಳು ಹೇಳ್ತಾಳೆ ಕೇಳಿ,” ಎಂದಳು ಅಮ್ಮ.

ಪಿನ್ನಿ ಹೇಳಿದಳು. ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದಳು. ಸುಲಭವಾಗಿರಲಿಲ್ಲ. ಮಾಮನ ಹೆಂಡತಿ ಪಾತ್ರೆ ತೊಳೆಯುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತರು.

ಬ್ರೇಕ್ ಮಾಮ ಪೂರ್ತಿ ಕೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಎರಡೂ ಕೈ ಎತ್ತಿದ.

“ಕೇಳಿಸ್ತಾ? ಬೆಚ್ಚಗಿನ ನೀರು! ಬೆಚ್ಚಗಿನ ನೀರು ಅಂತ ನಿನ್ನೆಯಿಂದ ಬಡ್ಕೊಂಡೆ!”

“ಸರಿ ಬಿಡಿ. ಕುದಿಸಿದ್ದು ನೀವೇ ಅಂತ ನೀವೂ ಒಪ್ಪಿಕೊಂಡಿದ್ರಲ್ಲ,” ಎಂದರು ಹೆಂಡತಿ.

“ಒಪ್ಪದೇ ಇದ್ರೆ ಊಟ ಹಾಕ್ತಿದ್ಯಾ ನೀನು?”

ಅಮ್ಮ ನಕ್ಕುಬಿಟ್ಟಳು. ಮಾಮ ನಗಲಿಲ್ಲ. ಅವನು ಪಿನ್ನಿಯ ಕಡೆ ನೋಡಿದ. “ಶನಿವಾರ ಒಗೀಬೇಡಿ ಅಂದ್ಯಲ್ಲ. ಆಗ್ಲೇ ಯಾಕೆ ಅಂತ ಹೇಳಿದ್ರೆ ಆಗ್ತಿರ್ಲಿಲ್ವಾ? ನಲವತ್ತು ಮಕ್ಕಳ ಮುಂದೆ ನಾನು ಕಿಟಕಿ ಇಡ್ಸಿದೀನಿ ಅಂತ ಹಲ್ಲು ಕಿರಿದೆ.”

ಅವನು ಉತ್ತರಕ್ಕೆ ಕಾಯಲಿಲ್ಲ. ಬೀಗ ಬಿಚ್ಚಿ ಶರ್ಟನ್ನು ಅಮ್ಮನ ಕೈಗೆ ಕೊಟ್ಟ. “ನಾಡಿದ್ದು ಚೆಕಿಂಗ್ ಅಕ್ಕ. ಏನಾದ್ರೂ ಮಾಡೋಕಾಗುತ್ತಾ?”

ಅಮ್ಮ ಶರ್ಟನ್ನು ಒಳಮಗ್ಗುಲಾಗಿ ತಿರುಗಿಸಿ ಪಕ್ಕದ ಹೊಲಿಗೆಯನ್ನು ನೋಡಿದಳು. “ಮೈಗೆ ಒಳಗೆ ಬಟ್ಟೆ ಇದೆ. ಕೆಳಗೆ ಮಡಿಕೆ ಬಿಚ್ಚಿದ್ರೆ ಉದ್ದಾನೂ ಬರುತ್ತೆ. ಕಾಲರಿಗೇ ಕಷ್ಟ. ಅಲ್ಲಿ ಬಿಚ್ಚೋಕೆ ಏನೂ ಇರಲ್ಲ.”

ಮಂಗಳವಾರ ಪಿನ್ನಿ ಆಟಕ್ಕೆ ಹೋಗಲಿಲ್ಲ. ಹಗ್ಗ ಹಿಡಿದು ಬಂದ ಬಾಬ್‌ಕಟ್ ಬಾಗಿಲಲ್ಲಿ ನಿಂತಳು. “ನೂರಾ ಹತ್ತು ಹಾರಿದೆ ಕಣೇ ಇವತ್ತು,” ಎಂದಳು. ಪಿನ್ನಿ “ಒಳ್ಳೇದು” ಎಂದಳು, ತಲೆ ಎತ್ತಲಿಲ್ಲ. ಬಾಬ್‌ಕಟ್ ಹೊರಟುಹೋದಳು.

ಪಿನ್ನಿಯ ಕೈಯಲ್ಲಿ ಬ್ಲೇಡಿತ್ತು. ಪಕ್ಕದ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚಬೇಕು. ಅವಸರ ಮಾಡಿದರೆ ಬಟ್ಟೆ ಸೀಳುತ್ತದೆ. ಅಮ್ಮ ಹತ್ತು ನಿಮಿಷದಲ್ಲಿ ಹೊಲಿದದ್ದನ್ನು ಬಿಚ್ಚಲು ಅವಳಿಗೆ ಒಂದು ಗಂಟೆ ಹಿಡಿಯಿತು.

ಕಾಲರಿಗೆ ಬೇಕಾದ ಬಟ್ಟೆ ಚೂರುಗಳ ಚೀಲದಲ್ಲಿತ್ತು. ಒಂದು ವಾರದ ಕತ್ತರಿಕೆಯೆಲ್ಲ ಅಲ್ಲೇ. ಸೋಮವಾರವೇ ಪಿನ್ನಿ ಚೀಲವನ್ನು ನೆಲಕ್ಕೆ ಸುರಿದು ಹೊಗೆ ಬಣ್ಣದ ಎರಡು ಉದ್ದ ಚೂರು ಹುಡುಕಿದ್ದಳು. ರಾತ್ರಿಯ ಊಟಕ್ಕೆ ಮುಂಚೆಯೇ ಅವನ್ನು ನೆನೆಸಿ, ಹಗ್ಗಕ್ಕೆ ಹಾಕಿದ್ದಳು. ನೆನೆಸುವ ಮೊದಲು ಯಾರೂ ಹೇಳದೆಯೇ ಒಂದರ ಮೇಲೆ ಗೇಣು ಇಟ್ಟು ನೋಡಿದ್ದಳು. ಎರಡು ಗೇಣು ಸರಿಯಾಗಿತ್ತು. ಈಗ ಒಣಗಿದ ಚೂರಿನ ಮೇಲೆ ಮತ್ತೆ ಗೇಣು ಇಟ್ಟಳು. ಕಿರುಬೆರಳು ತುದಿ ದಾಟಿ ಮೇಜಿನ ಮೇಲೆ ಬಿತ್ತು.

ಅಮ್ಮ ಹಳೆಯ ಕಾಲರ್ ಪಟ್ಟಿ ಕಿತ್ತು ಹೊಸದು ಕೂರಿಸಿದಳು. ಅಜ್ಜಿ ಹೊಸ ಕಾಜ ಹಾಕಿದಳು. “ಒಂದು ಶರ್ಟಿಗೆ ಎರಡು ಸಲ ಕಾಜ. ನಂಗೆ ವಯಸ್ಸಾಯ್ತು ಅಂತ ಯಾರಿಗೂ ನೆನಪೇ ಇಲ್ಲ,” ಎಂದು ಗೊಣಗುತ್ತಲೇ ಇದ್ದಳು. ಪಿನ್ನಿ ಅವಳ ಸೂಜಿಗೆ ದಾರ ಪೋಣಿಸಿಕೊಟ್ಟಳು.

ಶರ್ಟು ಆಯಿತು. ಮೊದಲಿನ ಹಾಗಲ್ಲ. ಎರಡೂ ಪಕ್ಕದಲ್ಲಿ ಹಳೆಯ ಹೊಲಿಗೆಯ ಸಣ್ಣ ಸಣ್ಣ ತೂತುಗಳ ಸಾಲು ಉಳಿದಿತ್ತು. ಒಳಗಿದ್ದ ಬಟ್ಟೆ ಹೊರಗಿನದಕ್ಕಿಂತ ಒಂದು ಚೂರು ಗಾಢ. ಇಸ್ತ್ರಿ ಹಾಕಿದರೂ ಆ ಗೆರೆ ಹೋಗಲಿಲ್ಲ.

ಬುಧವಾರ ಸೂಪರ್‌ವೈಸರ್ ಬಸ್ಸಿನ ಸುತ್ತ ಒಂದು ಸುತ್ತು ಬಂದರು. ಟೈರು ಒದ್ದು ನೋಡಿದರು. ಬ್ರೇಕ್ ಮಾಮನ ಕುತ್ತಿಗೆಯ ಗುಂಡಿ ನೋಡಿದರು, ಶೂ ನೋಡಿದರು. “ಶೂಗೆ ಪಾಲಿಶ್ ಹಾಕು,” ಎಂದು ಬರೆದುಕೊಂಡು ಹೋದರು. ಬ್ರೇಕ್ ಮಾಮ ಸೀಟಿಗೆ ಏರಿ ಕುತ್ತಿಗೆಯ ಗುಂಡಿ ಬಿಚ್ಚಿ ಉಸಿರು ಬಿಟ್ಟ.

“ಹತ್ತ್ರಪ್ಪಾ, ಲೇಟಾಯ್ತು!” ಎಂದು ಕೂಗಿದ. ಪಿನ್ನಿ ಹತ್ತುವಾಗ ಅವಳನ್ನು ವಿಶೇಷವಾಗಿ ನೋಡಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಅವಳು ಅವನ ಹಿಂದಿನ ಸೀಟಿನಲ್ಲಿ ಕೂತಳು. ಅವನು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕಂಕುಳಿನ ಕೆಳಗಿನ ಗಾಢ ಗೆರೆ ಕಾಣುತ್ತಿತ್ತು. ಬೇರೆ ಮಕ್ಕಳ್ಯಾರೂ ಅದನ್ನು ನೋಡಲಿಲ್ಲ.

ಶನಿವಾರ ಮಧ್ಯಾಹ್ನ ಹೊಸ ಕೆಲಸ ಬಂತು. ಬೇಕರಿಯವರ ಏಪ್ರನ್ನುಗಳಿಗೆಂದು ಬಿಳಿ ಹತ್ತಿ ಬಟ್ಟೆ.

ಪಿನ್ನಿ ತಾನಾಗಿಯೇ ಬಕೆಟ್ ತಂದಿಟ್ಟಳು. ಮೊದಲೆಲ್ಲ ಅಮ್ಮ “ನೆನೆಸು” ಎಂದು ಬಟ್ಟೆ ಕೊಟ್ಟು ಮೆಷಿನ್ನಿಗೆ ಹೋಗಿಬಿಡುತ್ತಿದ್ದಳು. ಇವತ್ತು ಹೋಗಲಿಲ್ಲ. ಬಟ್ಟೆಯನ್ನು ಮೇಜಿನ ಮೇಲೆ ಬಿಡಿಸಿ ಹಾಸಿದಳು. ಕೊರಳಿನ ಟೇಪ್ ತೆಗೆದು ಅಂಚಿನ ಮೇಲೆ ಇಟ್ಟು ಅಳೆಯತೊಡಗಿದಳು. ಪಕ್ಕದಲ್ಲಿ ಚಾಕ್‌ಪೀಸು, ಗೋಡೆಯ ಮೇಲೆ ಅಳತೆ ಬರೆಯಲು.

“ಒಣಗಿದ ಮೇಲೆ ಮತ್ತೆ ಅಳೀತೀನಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿಯ ಅಳತೆ ಹೇಳುವಾಗಿನ ದನಿಯೇ ಅದು.

ನೆನೆಸುವ ಮುಂಚೆ ಅಮ್ಮ ಬಟ್ಟೆ ಅಳೆಯುವುದನ್ನು ಪಿನ್ನಿ ಯಾವತ್ತೂ ನೋಡಿರಲಿಲ್ಲ. ನೆನೆದದ್ದು ಕುಗ್ಗಿರುತ್ತದೆ, ನೆನೆಯದ್ದು ಕುಗ್ಗಿರುವುದಿಲ್ಲ; ಯಾಕೆ ಎಂದು ಕೇಳಬೇಕಿರಲಿಲ್ಲ. ಇನ್ನು ಎಷ್ಟು ಬಟ್ಟೆ ಹೀಗೆ ನೆನೆದು ಒಣಗಿದರೆ ಅಮ್ಮ ಗೋಡೆಯ ಮೇಲೆ ಬರೆಯುವುದನ್ನು ಬಿಡುತ್ತಾಳೋ, ಅವಳಿಗೆ ಲೆಕ್ಕ ಸಿಗಲಿಲ್ಲ. ಕೇಳಿದರೆ ಅಮ್ಮನಿಗೂ ಗೊತ್ತಿರಲಿಕ್ಕಿಲ್ಲ.

ಟೇಪಿನ ಆ ಕಡೆಯ ತುದಿ ಜಾರುತ್ತಿತ್ತು. ಪಿನ್ನಿ ಮೇಜನ್ನು ಸುತ್ತಿ ಹೋಗಿ, ಬಟ್ಟೆಯ ಅಂಚಿಗೆ ಸರಿಯಾಗಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

“ಈಗ ಓದಮ್ಮ,” ಎಂದಳು.